ಮೊಮ್ಮಗಳು ಹೊಸ್ತಿಲು ದಾಟಿದ್ದಕ್ಕೆ ನಾನೇ ಸಾಕ್ಷಿ

ದಿನ: ಶ್ರಾವಣದ ಮೊದಲ ಸೋಮವಾರ. ಆಧಾರ: ಅಡುಗೆಮನೆಯ ಗೋಡೆಯ ಕ್ಯಾಲೆಂಡರು. ಪಕ್ಕದ ಮನೆಯ ಪಂಚಾಂಗದೊಡನೆಯೂ ತಾಳೆ ನೋಡಿದ್ದೇನೆ, ಭಿನ್ನಾಭಿಪ್ರಾಯವಿಲ್ಲ.

ಬಾಣಂತನಕ್ಕೆ ಬೈಲಹೊಂಗಲದ ನಮ್ಮ ಮನೆಗೆ ಬಂದಿದ್ದ ಮಗಳು ಸವಿತಾಳನ್ನೂ ಮೊಮ್ಮಗಳು ಚಿನ್ನಿಯನ್ನೂ ಕರೆದೊಯ್ಯಲು ಅಂದು ಮುನವಳ್ಳಿಯಿಂದ ಬೀಗರು ಬರುವವರಿದ್ದರು. ಕೂಸು ಅಂಬೆಗಾಲಿಟ್ಟು ಮೊದಲ ಬಾರಿ ಹೊಸ್ತಿಲು ದಾಟಿದ ಮನೆಯಲ್ಲಿ ಹೋಳಿಗೆ ಮಾಡಿ ಓಣಿಗೆಲ್ಲ ಹಂಚುವುದು ಎರಡೂ ಮನೆತನಗಳ ಪದ್ಧತಿ. ಚಿನ್ನಿಯೋ, ಬೋರಲು ಬಿದ್ದು, ಕೈಯೂರಿ, ಇದ್ದಲ್ಲಿಯೇ ತೂಗಾಡುತ್ತಿದ್ದಳು. ಮುಂದಕ್ಕೆ ಒಂದಿಂಚೂ ಇಲ್ಲ! ಜೀವನವಿಡೀ ಶಾಸನ ಓದಿ ಕಾಲನಿರ್ಣಯ ಮಾಡಿದ ನಾನು, ಈ ಗೌರವ ಮುನವಳ್ಳಿಯ ಪಾಲಾಗುವುದನ್ನು ಹೇಗೆ ಸಹಿಸಲಿ? ಬೇಳೆ ಬೇಯಲು ಇಡುವಂತೆ ಹೆಂಡತಿಗೆ ಸೂಚಿಸಿದೆ.

“ಕೂಸ ಕದಲಿಲ್ಲ, ಬ್ಯಾಳಿ ಯಾಕ ಕುದಸ್ಲಿ? ನಾ ರೊಟ್ಟಿ ಬಡೀತೇನಿ,” ಎಂದು ಆಕೆ ಒಳನಡೆದಳು.

ಶಿಶುಗಳ ಚಲನೆಯನ್ನು ಕುರಿತು ನಾನು ಸಾಕಷ್ಟು ಅಧ್ಯಯನ ಮಾಡಿದ್ದೆ. ಪಡಸಾಲೆಯಲ್ಲಿ ಕೌದಿ ಹಾಸಿ, ಕೂಸನ್ನು ಬೋರಲು ಮಲಗಿಸಿ, ತಲಬಾಗಿಲ ಕಡೆಗೆ ಗಿಲಕಿಯನ್ನಿಟ್ಟೆ. ಚಿನ್ನಿ ನಕ್ಕಳು. ಕನ್ನಡಿಯನ್ನಿಟ್ಟೆ. ತನ್ನನ್ನೇ ನೋಡಿಕೊಂಡು ಇನ್ನಷ್ಟು ನಕ್ಕಳು. ಶಾಸನ ಓದುವ ನನ್ನ ಭೂತಗನ್ನಡಿಯನ್ನೇ ಇಟ್ಟೆ. ಆಕಳಿಸಿದಳು!

ಇನ್ನುಳಿದದ್ದು ಪ್ರಾತ್ಯಕ್ಷಿಕೆ.

“ಸವಿತಾ, ಮೊಬೈಲ್ ಹಿಡಿಯವ್ವಾ. ಎಲ್ಲಾದಕ್ಕೂ ದಾಖಲೆ ಇರಬೇಕು,” ಎಂದು ಆಜ್ಞಾಪಿಸಿ, ಧೋತರ ಎತ್ತಿ ಕಟ್ಟಿ, ಕೈಮೊಣಕಾಲೂರಿ ತಲಬಾಗಿಲಿನತ್ತ ಹೊರಟೆ. ಕೈಗಳು ಹೊಸ್ತಿಲು ದಾಟಿದವು. ಮೊಣಕಾಲು ದಾಟುವಷ್ಟರಲ್ಲಿ ನಡು ಹಿಡಿಯಿತು. ಮುಂದೂ ಇಲ್ಲ, ಹಿಂದೂ ಇಲ್ಲ. ಕುತ್ತಿಗೆ ತಿರುಗಿಸಲೂ ಆಗದು!

ಅದೇ ಮುಹೂರ್ತಕ್ಕೆ ಬೀಗರ ಗಾಡಿ ಬಂದು ನಿಂತಿತು.

“ಅಯ್ಯ, ಏಳ್ರಿ ಬೀಗರ! ಇಷ್ಟ್ಯಾಕ ಬಗ್ಗೀರಿ? ನಾವೇನ ದೇವರೇನ್ರಿ?” ಎಂದು ಬೀಗರು ಅಂಗಳದಲ್ಲೇ ಕೈಮುಗಿದರು.

“ಕೂಸಿಗೆ ಕಲಿಸಾಕತ್ತೇನ್ರಿ,” ಎಂದೆ, ನೆಲ ನೋಡುತ್ತ.

“ಕೂಸ ಎಲ್ಲೈತ್ರಿ?”

“ನನ್ನ ಹಿಂದನ ಬರಾಕತ್ತೈತ್ರಿ!”

ಆಗಲೇ ಒಳಗಿನಿಂದ ಮಗಳ ಕೂಗು: “ಅವ್ವಾ! ಚಿನ್ನಿ ದಾಟಿದ್ಲು! ದಾಟಿದ್ಲು!”

ನೋವಿನಲ್ಲೂ ಎದೆ ಉಬ್ಬಿತು. ಬೀಗರೂ ಅವರ ಡ್ರೈವರೂ ಸೇರಿ ನನ್ನನ್ನು ಅದೇ ಭಂಗಿಯಲ್ಲಿ ಎತ್ತಿ ಮಂಚಕ್ಕೆ ಸಾಗಿಸಿದರು. ಬೇಳೆ ಬೆಂದಿತು. ಹೋಳಿಗೆಗೆ ಬಂದ ಓಣಿಯವರಿಗೆಲ್ಲ, ಕೂಸು ಅಜ್ಜನನ್ನೇ ಹಿಂಬಾಲಿಸಿ ತಲಬಾಗಿಲ ಹೊಸ್ತಿಲು ದಾಟಿದ ವೃತ್ತಾಂತವನ್ನು ಮಲಗಿದಲ್ಲಿಂದಲೇ ನಿರೂಪಿಸಿದೆ.

“ನಾ ಎದುರಿಗೇ ಇದ್ದೆ. ನನಗೇನೂ ಕಾಣಲಿಲ್ಲಲ್ರಿ?” ಎಂದರು ಬೀಗರು.

“ನಾ ಅಡ್ಡ ಇದ್ನಲ್ರಿ!”

ಹೊರಡುವ ಮುನ್ನ ಸವಿತಾ ಎಲ್ಲರೆದುರು ವಿಡಿಯೋ ಹಾಕಿದಳು. ಅದರ ಸಾಕ್ಷ್ಯವೇ ಬೇರೆ. ನಾನು ತಲಬಾಗಿಲಿನಲ್ಲಿ ಸಿಕ್ಕಿಕೊಂಡ ಕೂಡಲೇ ಒಳಗೆ ರೊಟ್ಟಿ ಬಡಿಯುವ ಟಪಟಪ ಕೇಳುತ್ತದೆ. ಚಿನ್ನಿ ಆ ಕಡೆಗೆ ತಿರುಗಿ, ಸರಸರನೆ ಸಾಗಿ, ಅಡುಗೆಮನೆಯ ಹೊಸ್ತಿಲು ದಾಟಿ ಅಜ್ಜಿಯ ಸೆರಗು ಹಿಡಿಯುತ್ತಾಳೆ.

“ಹೋಳಿಗಿ ಯಾಕ ಬೇಕಿತ್ತು? ರೊಟ್ಟೀನ ಹಂಚಬೇಕಿತ್ತು,” ಎಂದಳು ಹೆಂಡತಿ.

ದಿನದ ಬಗ್ಗೆ ಈಗಲೂ ತಕರಾರಿಲ್ಲ. ಆದರೆ ವಿಡಿಯೋದ ಆರಂಭದಲ್ಲಿ, ತಲಬಾಗಿಲಿನಲ್ಲಿ ಸಿಕ್ಕಿಕೊಂಡ ಒಂದು ಧೋತರದ ಹಿಂಭಾಗ ಮಾತ್ರ ಕಾಣುತ್ತದೆ. ಅದು ಪ್ರಧಾನ ಸಾಕ್ಷಿಯದೆಂದು ಮನೆಯವರೆಲ್ಲ ಒಮ್ಮತದಿಂದ ಗುರುತಿಸಿದ್ದಾರೆ!