ಟ್ಯಾಂಕಿಗೊಂದು ಆಯುಧಪೂಜೆ

ಮಹಾನವಮಿಯ ಬೆಳಿಗ್ಗೆ ಹತ್ತು ಗಂಟೆಗೆ ನಂಜುಂಡಪ್ಪನವರು ಸಂಗ್ರಹಾಲಯದ ಮುಂದೆ ಟ್ಯಾಕ್ಸಿಯಿಂದ ಇಳಿದಾಗ ಅವರ ಕಂಕುಳಲ್ಲಿ ಒಂದು ಬೂದುಗುಂಬಳಕಾಯಿ ಇತ್ತು. ಅದನ್ನು ಕಂಡ ಕೂಡಲೇ ನರಸಿಂಹಮೂರ್ತಿಯವರು ಗೇಟು ಹಾಕಿಸಬೇಕಿತ್ತು. ಹಾಕಿಸಲಿಲ್ಲ. ಅವರಿಗೆ ಬುದ್ಧಿ ಬರುವುದೇ ಹಾಗೆ, ಊಟ ಮುಗಿದು ಎಲೆ ಮಡಿಸಿದ ಮೇಲೆ ಬಡಿಸಲು ಬಂದ ಉಪ್ಪಿನಕಾಯಿಯ ಹಾಗೆ.

"ಇದ್ಯಾಕೆ ಸಾರ್ ತಂದ್ರಿ?" ಎಂದು ಮಾತ್ರ ಕೇಳಿದರು.

"ಹಂಸಾ ಕೊಂಡ್ಕೊಂಡ್ಳು ಕಣಯ್ಯ, ಮಜ್ಜಿಗೆಹುಳಿಗೆ. ಮತ್ತೆ ಮನೇಗ್ ಹೋಗಿ ಇಟ್ಟು ಬರೋಕೆ ಹೊತ್ತೆಲ್ಲಿ?"

ನಂಜುಂಡಪ್ಪನವರು ರೈಲ್ವೆಯಿಂದ ನಿವೃತ್ತರಾಗಿ ಕೋಲ್ಕತ್ತದ ಸದರ್ನ್ ಅವೆನ್ಯೂನಲ್ಲೇ ನೆಲೆಸಿದವರು, ಅಲ್ಲಿನ ಕನ್ನಡ ಸಂಘದ ಕಾರ್ಯದರ್ಶಿ. ಬೇರೆಯವರ ಕೆಲಸವನ್ನು ಅವರಿಗಿಂತ ಚೆನ್ನಾಗಿ ತಾವು ಮಾಡಬಲ್ಲೆವೆಂಬ ನಂಬಿಕೆ ಅವರದು. ಜೊತೆಗೆ ಹೆಂಡತಿ ಹಂಸಾ, ಬಾರಾನಗರದ ಸಂಶೋಧನಾ ಸಂಸ್ಥೆಯಲ್ಲಿದ್ದ ಧಾರವಾಡದ ಶರಣಪ್ಪ, ಸಂಘದ ಇನ್ನೂ ಐದಾರು ಜನ. ರಾಷ್ಟ್ರೀಯ ಸಮರ ಇತಿಹಾಸ ಸಂಗ್ರಹಾಲಯವನ್ನು ನೋಡಬೇಕೆಂದು ವರ್ಷದಿಂದ ಹೇಳುತ್ತಿದ್ದವರು ಇವತ್ತೇ ಬಂದಿದ್ದರು.

ನರಸಿಂಹಮೂರ್ತಿ ಈ ಸಂಗ್ರಹಾಲಯದ ಆಡಳಿತ ವಿಭಾಗದ ಸೂಪರಿಂಟೆಂಡೆಂಟ್. ಕೋಲ್ಕತ್ತಕ್ಕೆ ಬಂದು ಒಂಬತ್ತು ವರ್ಷ. ಹೆಂಡತಿ ಇಂದಿರಾ ಮೈಸೂರಿನಲ್ಲಿ ಶಾಲೆಯ ಟೀಚರು. ಮಗಳು ಚಿನ್ಮಯಿಯನ್ನು ಇವರು ಬಿಟ್ಟು ಬಂದಾಗ ಅವಳಿಗೆ ಐದು ವರ್ಷ, ಈಗ ಹದಿನಾಲ್ಕು. ದಕ್ಷಿಣೇಶ್ವರದಲ್ಲಿ ಒಂದು ಕೋಣೆ ಮಾಡಿಕೊಂಡು, ತಾವೇ ಅನ್ನ ಬೇಯಿಸಿ, ತಾವೇ ಉಂಡು, ತಾವೇ ಪಾತ್ರೆ ತೊಳೆದು ಮಲಗುವ ಬದುಕು. ದುರ್ಗಾಪೂಜೆಯ ನಾಲ್ಕೂ ದಿನ ಬಂಗಾಳಿಗಳೆಲ್ಲ ರಜೆ ಹಾಕುವುದರಿಂದ ಸಂಗ್ರಹಾಲಯ ಕಾಯುವ ಕೆಲಸ ಪ್ರತಿ ವರ್ಷವೂ ಇವರಿಗೇ ಬರುತ್ತಿತ್ತು. ಊರೆಲ್ಲ ಹೊಸ ಬಟ್ಟೆ ತೊಟ್ಟು ತಿರುಗುವಾಗ ಇವರೊಬ್ಬರು ಸತ್ತ ಬಂದೂಕುಗಳ ನಡುವೆ ಕೂತಿರುತ್ತಿದ್ದರು.

ಈ ವರ್ಷ ಮಾತ್ರ ಒಂದು ಆಸೆ ಇತ್ತು. ಮೈಸೂರಿನಲ್ಲಿ ಸಂಗ್ರಹಾಲಯದ್ದೊಂದು ಪುಟ್ಟ ಶಾಖೆ ಇದೆ, ಎರಡು ಕೋಣೆ, ಒಂದೇ ಹುದ್ದೆ. ಅಲ್ಲಿದ್ದವರು ಹೋದ ತಿಂಗಳು ನಿವೃತ್ತರಾಗಿದ್ದರು. ಮೂರ್ತಿಯವರ ವರ್ಗಾವಣೆಯ ಅರ್ಜಿ ಡೈರೆಕ್ಟರ್ ಲಾಹಿರಿ ಮೇಡಂ ಅವರ ಮೇಜಿನ ಮೇಲಿತ್ತು. "ಹಬ್ಬ ಮುಗೀಲಿ, ಸಹಿ ಹಾಕ್ತೀನಿ. ಅಲ್ಲೀತನಕ ಯಾವ ಗಲಾಟೆಯೂ ಆಗದ ಹಾಗೆ ನೋಡಿಕೊಳ್ಳಿ" ಎಂದು ಹೇಳಿ ಅವರು ಪೂಜೆಗೆ ಹೋಗಿದ್ದರು.

ಗೇಟಿನ ಕಾವಲುಗಾರ ಕುಂಬಳಕಾಯಿಯನ್ನು ಸ್ಕ್ಯಾನರಿನೊಳಗೆ ಕಳಿಸಿದ. ಆ ಯಂತ್ರಕ್ಕೆ ಪಿಸ್ತೂಲು ಗೊತ್ತು, ಚಾಕು ಗೊತ್ತು, ಕುಂಬಳಕಾಯಿಯ ವಿಷಯ ಯಾರೂ ಹೇಳಿಕೊಟ್ಟಿರಲಿಲ್ಲ. ಹಂಸಾ ಅವರ ಚೀಲದಲ್ಲಿ ಅರಿಶಿನ, ಕುಂಕುಮ, ವಿಭೂತಿ, ಕರ್ಪೂರ, ಬೆಂಕಿಪೊಟ್ಟಣ, ನಿಂಬೆಹಣ್ಣು, ಗಂಟೆ, ಚೆಂಡುಹೂವಿನ ಮಾಲೆ ಎಲ್ಲ ಇದ್ದವು. ಕಾವಲುಗಾರ ಅದನ್ನು ಪ್ರಸಾದವೆಂದುಕೊಂಡು ಕೈ ಮುಗಿದು ಒಳಗೆ ಬಿಟ್ಟ. ಇದನ್ನೆಲ್ಲ ನೋಡಿಕೊಳ್ಳಬೇಕಾದ ಭದ್ರತಾ ಅಧಿಕಾರಿ ಬಸು ತಮ್ಮ ಬೀದಿಯ ದುರ್ಗೆಯ ಪೆಂಡಾಲಿನಲ್ಲಿ ಖಿಚುಡಿ ಪ್ರಸಾದಕ್ಕೆ ಸಾಲು ನಿಂತಿದ್ದರು.

ಒಳಗೆ ಮೊದಲ ಹಜಾರ ದಾಟುವುದರೊಳಗೇ ಹಂಸಾ ಅವರಿಗೆ ಸಂಕಟ ಶುರುವಾಯಿತು.

"ಅಲ್ರೀ, ಇಷ್ಟೊಂದು ಕತ್ತಿ, ಇಷ್ಟೊಂದು ಕೋವಿ. ಇವತ್ತಿನ ದಿನ ಒಂದಕ್ಕಾದ್ರೂ ಒಂದು ಬೊಟ್ಟು ಕುಂಕುಮ ಬೇಡ್ವಾ? ನಮ್ಮನೇಲಿ ಈಳಿಗೆಮಣೆಗೂ ಪೂಜೆ ಆಗಿದೆ."

"ಇಲ್ಲಿ ಏನನ್ನೂ ಮುಟ್ಟೋ ಹಾಗಿಲ್ಲಮ್ಮ" ಎಂದರು ಮೂರ್ತಿ.

"ಏನ್ರೀ ಮೂರ್ತಿಯವರ, ನವಮಿ ದಿನ ಆಯುಧಕ್ಕ ಪೂಜಾ ಇಲ್ಲಂದ್ರ ಅದು ಆಯುಧ ಹೆಂಗಾದೀತ್ರೀ? ಗುಜರಿ ಅನ್ರಿ" ಎಂದರು ಶರಣಪ್ಪ.

ಅಂಗಳಕ್ಕೆ ಬಂದಾಗ ಎಲ್ಲರೂ ನಿಂತುಬಿಟ್ಟರು. ಬಿಳಿ ಕಲ್ಲಿನ ಕಟ್ಟೆಯ ಮೇಲೆ ಹಳೆಯ ಯುದ್ಧದ ಟ್ಯಾಂಕು ನಿಂತಿತ್ತು. ಮೂರು ತಿಂಗಳು ತಜ್ಞರು ಕೂತು ತುಕ್ಕು ತೆಗೆದು ಹೊಸ ಬಣ್ಣ ಬಳಿದಿದ್ದರು. ನಂಜುಂಡಪ್ಪನವರು ಅದನ್ನು ನೋಡಿದ ರೀತಿ ಮೂರ್ತಿಯವರಿಗೆ ಸರಿ ಬರಲಿಲ್ಲ. ಅಷ್ಟರಲ್ಲಿ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಮೈಸೂರಿನದು.

"ಒಂದು ನಿಮಿಷ. ಸಾರ್, ದಮ್ಮಯ್ಯ, ಏನೂ ಮುಟ್ಬೇಡಿ" ಎಂದು ಬೇಡಿಕೊಂಡು ಕಂಬದ ಮರೆಗೆ ಹೋದರು.

"ಅಪ್ಪ, ಅಮ್ಮ ಸ್ಕೂಟರ್‌ಗೆ ಪೂಜೆ ಮಾಡ್ತಿದಾಳೆ" ಎಂದಳು ಚಿನ್ಮಯಿ. "ಈ ಸಲಾನೂ ನೀವು ಬರಲ್ಲ ಅಲ್ವಾ?"

"ಮುಂದಿನ ವರ್ಷ ನಾನೇ ಮಾಡ್ತೀನಿ ಪುಟ್ಟ. ಇನ್ನೊಂದು ಸಹಿ ಬಾಕಿ ಅಷ್ಟೆ."

"ಹೋದ ವರ್ಷಾನೂ ಹೀಗೇ ಅಂದಿದ್ರಿ. ಇರ್ಲಿ ಬಿಡಿ."

ಮಗಳು ಸಿಟ್ಟು ಮಾಡಿಕೊಂಡಿದ್ದರೆ ಮೂರ್ತಿಯವರಿಗೆ ಸಮಾಧಾನವಾಗುತ್ತಿತ್ತು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದೂರದ ನೆಂಟರೊಡನೆ ಆಡುವ ಮರ್ಯಾದೆ ಇತ್ತು. ಸ್ಕೂಟರಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟಿರಾ ಎಂದು ಅವರು ಕೇಳುತ್ತಿದ್ದಾಗ ಹಿಂದಿನಿಂದ ಗಂಟೆಯ ಸದ್ದು ಕೇಳಿಸಿತು.

ತಿರುಗಿ ನೋಡಿದರೆ ಟ್ಯಾಂಕಿನ ನಳಿಗೆಗೆ ಮೂರೆಳೆ ವಿಭೂತಿ ಬಿದ್ದಿತ್ತು, ನಡುವೆ ಕುಂಕುಮ, ಕೊರಳಿಗೆ ಚೆಂಡುಹೂವಿನ ಮಾಲೆ, ಚಕ್ರದ ಪಟ್ಟಿಗಳ ಕೆಳಗೆ ನಾಲ್ಕು ನಿಂಬೆಹಣ್ಣು. ಹಂಸಾ ಗಂಟೆ ಬಾರಿಸುತ್ತಿದ್ದರು. ಶರಣಪ್ಪ ಫೋನಿನಲ್ಲಿ ವಿಡಿಯೊ ಹಿಡಿಯುತ್ತಿದ್ದರು. ನಂಜುಂಡಪ್ಪನವರು ಬೀಗದ ಕೈಯಿಂದ ತೂತು ಕೊರೆದು ಕುಂಕುಮ ತುಂಬಿದ ಕುಂಬಳಕಾಯಿಯ ತಲೆಯ ಮೇಲೆ ಕರ್ಪೂರ ಉರಿಸಿ, ಟ್ಯಾಂಕಿಗೆ ಮೂರು ಸಲ ನಿವಾಳಿಸಿ, ಎರಡೂ ಕೈಯಿಂದ ಮೇಲೆತ್ತಿದ್ದರು.

"ಸಾರ್!" ಎಂದು ಮೂರ್ತಿಯವರು ಕೂಗುವುದಕ್ಕೂ ಕುಂಬಳಕಾಯಿ ಕಟ್ಟೆಗೆ ಬಡಿಯುವುದಕ್ಕೂ ಸರಿಹೋಯಿತು.

ಮೈಸೂರಿನ ರಸ್ತೆಯಲ್ಲಿ ಒಡೆದಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಇಲ್ಲಿ ಬಿಳಿ ಕಲ್ಲಿನ ಮೇಲೆ ಕೆಂಪು ಚಿಮ್ಮಿತು, ಹೊಸ ಬಣ್ಣದ ಮೇಲೂ ಚಿಮ್ಮಿತು. ಅಂಗಳದ ಆ ತುದಿಯಲ್ಲಿದ್ದ ಹೆಂಗಸೊಬ್ಬರು ರಕ್ತ ರಕ್ತ ಎಂದು ಕಿರುಚಿಕೊಂಡರು. ಕಾವಲುಗಾರರು ಸೀಟಿ ಊದುತ್ತ ಓಡಿಬಂದರು. ಅವರಲ್ಲೊಬ್ಬ, ಯಾರದೋ ತಲೆ ಒಡೆದಿದೆ ಎಂದು ಡೈರೆಕ್ಟರಿಗೇ ಫೋನು ಮಾಡಿಬಿಟ್ಟ. ಮೂರ್ತಿಯವರು ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕುಸಿದರು.

"ಯಾಕಯ್ಯ ಹೀಗೆ ಕೂತೆ? ದೃಷ್ಟಿ ತೆಗ್ದಿದೀನಿ, ಇನ್ನು ನಿನ್ ಟ್ಯಾಂಕಿಗೆ ನೂರು ವರ್ಷ ಏನೂ ಆಗಲ್ಲ" ಎಂದು ಸಮಾಧಾನ ಹೇಳಿದ ನಂಜುಂಡಪ್ಪನವರು, ಸಂಘದವರನ್ನೆಲ್ಲ ಕರೆದುಕೊಂಡು ಊಟಕ್ಕೆ ಹೊರಟೇಹೋದರು.

ಬಸು ಬಂದಾಗ ಅವರ ಮೀಸೆಗೆ ಖಿಚುಡಿ ಅಂಟಿತ್ತು. ಟ್ಯಾಂಕನ್ನು ನೋಡಿ ಮುಖ ಬಿಳಿಚಿಕೊಂಡಿತು. ಇಬ್ಬರೂ ಹಿಂದಿಯಲ್ಲಿ ಮಾತಾಡಿಕೊಳ್ಳುವುದು ರೂಢಿ, ಬಸು ಕರೆಯುವಾಗ ಮಾತ್ರ ಬಂಗಾಳಿಯ ದಾ, ಅಂದರೆ ಅಣ್ಣ.

"ಮೂರ್ತಿದಾ, ನಮ್ಮ ಕತೆ ಮುಗೀತು. ಹಿಂದೆ ಗಾಜಿನ ಪೆಟ್ಟಿಗೆ ಒಡೆದ ಹೆಡ್ ಕ್ಲಾರ್ಕನ್ನ ಎಲ್ಲಿಗೆ ಎಸೆದ್ರು ನೆನಪಿದೆಯಾ?"

"ಎಲ್ಲಿಗೆ?"

"ಅದೇ ಎರಡು ಕೋಣೆಯ ಶಾಖೆಗೆ. ಮೈಸೂರಿಗೆ! ರಿಟೈರ್ ಆಗೋತನಕ ವಾಪಸ್ ಕರೆಸಲಿಲ್ಲ ಪಾಪ."

ಮೂರ್ತಿಯವರು ಮೆಲ್ಲನೆ ಎದ್ದು ನಿಂತರು. ಒಂಬತ್ತು ವರ್ಷದಿಂದ ಅರ್ಜಿ ಹಾಕಿ, ಅಧಿಕಾರಿಗಳ ಮುಂದೆ ಹಲ್ಲು ಕಿರಿದು, ಹಬ್ಬದ ದಿನವೆಲ್ಲ ಡ್ಯೂಟಿ ಮಾಡಿ ಬೇಡುತ್ತಿದ್ದ ಊರಿಗೆ ಜನರನ್ನು ಶಿಕ್ಷೆಯೆಂದು ಕಳಿಸುತ್ತಾರೆಂಬುದು ಅವರ ತಲೆಗೇ ಹೊಳೆದಿರಲಿಲ್ಲ. ಒಳ್ಳೆಯವನಾಗಿದ್ದು ಒಂಬತ್ತು ವರ್ಷ ಹಾಳಾಯಿತಲ್ಲ ಎಂದು ತಮ್ಮ ಮೇಲೇ ಸಿಟ್ಟು ಬಂತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನೆಂದು ಗಾದೆಯಿದೆ. ಕದಿಯದೆ ಹೆಗಲು ಮುಟ್ಟಿಕೊಂಡವರು ಬಹುಶಃ ಮೂರ್ತಿಯವರೊಬ್ಬರೇ. ಕೋಣೆಗೆ ಹೋಗಿ ಎರಡು ಪುಟ ತಪ್ಪೊಪ್ಪಿಗೆ ಬರೆದರು. ಪೂಜೆಯನ್ನು ಯೋಚಿಸಿದವನು ನಾನು, ಏರ್ಪಡಿಸಿದವನು ನಾನು, ಒಡೆಸಿದವನು ನಾನು, ಇದರಲ್ಲಿ ಬೇರೆ ಯಾರ ಪಾತ್ರವೂ ಇಲ್ಲ, ಯಾವ ಕ್ರಮಕ್ಕೂ ಸಿದ್ಧನಿದ್ದೇನೆ. ಫೋಟೊ ತೆಗೆದು ಲಾಹಿರಿ ಮೇಡಂ ಅವರಿಗೆ ಕಳಿಸಿದ ಮೇಲೆ ಬಹಳ ದಿನಗಳ ನಂತರ ಅವರಿಗೆ ಹಸಿವಾಯಿತು.

ಮಧ್ಯಾಹ್ನ ಎರಡಕ್ಕೆ ಗೇಟಿನ ಹೊರಗೆ ಗದ್ದಲ. ಶರಣಪ್ಪ ಸಂಘದ ಗುಂಪಿಗೆ ಹಾಕಿದ ವಿಡಿಯೊ ಅಲ್ಲಿಂದ ಹಾರಿ ಊರೆಲ್ಲ ಸುತ್ತಿತ್ತು. ನವಮಿಯ ದಿನ ಕೋಲ್ಕತ್ತದವರು ಹೊಸ ಬಗೆಯ ಪೆಂಡಾಲು ಎಲ್ಲಿದೆಯೆಂದು ಹುಡುಕುತ್ತ ತಿರುಗುತ್ತಾರೆ. ಸಂಗ್ರಹಾಲಯದವರು ಈ ಸಲ ನಿಜವಾದ ಟ್ಯಾಂಕು ಇಟ್ಟು ಪೂಜೆ ಮಾಡಿದ್ದಾರೆಂದು ಸುದ್ದಿಯಾಗಿ, ಸಾಲು ಗಂಗೆಯ ಘಾಟಿನವರೆಗೆ ಬೆಳೆದಿತ್ತು. ವರ್ಷವೆಲ್ಲ ಪಾರಿವಾಳಗಳು ಮಾತ್ರ ಬರುತ್ತಿದ್ದ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಜನ ಟ್ಯಾಂಕಿಗೆ ಕೈ ಮುಗಿದು, ಕೆಂಪು ಕಲೆಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಹಾನಿ ಹೆಚ್ಚಿದಷ್ಟೂ ಶಿಕ್ಷೆ ಗಟ್ಟಿಯಾಗುತ್ತದೆಂದು ಮೂರ್ತಿಯವರು ಸುಮ್ಮನೆ ನೋಡುತ್ತಿದ್ದರು.

ನಾಲ್ಕಕ್ಕೆ ಲಾಹಿರಿ ಮೇಡಂ ಬಂದರು. ಮೂರ್ತಿಯವರನ್ನು ಒಳಗೆ ಕರೆದರು.

"ನಿಮ್ಮ ಪತ್ರ ಓದಿದೆ. ದಿಲ್ಲಿಯ ಮುಖ್ಯ ಕಚೇರಿಗೂ ಕಳಿಸಿದೆ" ಎಂದರು.

"ಮೇಡಂ, ಯಾವ ಶಿಕ್ಷೆಯಾದರೂ…"

"ಶಿಕ್ಷೆಯಾ? ಜನ ಬರುವುದಿಲ್ಲವೆಂದು ಎರಡು ವರ್ಷದಿಂದ ನನಗೆ ಉಗಿಯುತ್ತಿದ್ದರು. ಇವತ್ತು ಒಂದೇ ದಿನದಲ್ಲಿ ಒಂದು ವರ್ಷದ ಜನ ಬಂದಿದ್ದಾರೆ! ದಿಲ್ಲಿಯವರಿಗೆ ಬಹಳ ಸಂತೋಷ. ಇನ್ನು ಪ್ರತಿ ವರ್ಷವೂ ಈ ಪೂಜೆ ನಡೆಯಬೇಕಂತೆ. ಯೋಚಿಸಿದವರು, ಏರ್ಪಡಿಸಿದವರು ಎಲ್ಲ ನೀವೇ ಎಂದು ನೀವೇ ಬರೆದುಕೊಟ್ಟಿದ್ದೀರಿ. ಆದ್ದರಿಂದ ಜವಾಬ್ದಾರಿಯೂ ನಿಮ್ಮದೇ. ಇನ್ನೈದು ವರ್ಷ ನಿಮ್ಮನ್ನು ಕೋಲ್ಕತ್ತದಿಂದ ಕದಲಿಸಬಾರದೆಂದು ಆದೇಶ ಬಂದಿದೆ. ಅಭಿನಂದನೆ."

"ಮೈಸೂರಿನ ಹುದ್ದೆ ಮೇಡಂ?"

"ಅದು ತುಂಬಿತು. ಪೂಜೆ ಚೆನ್ನಾಗಿತ್ತು ನಿಜ, ಆದರೆ ಕರ್ಪೂರ, ಬೆಂಕಿಪೊಟ್ಟಣ ಗೇಟು ದಾಟಿ ಒಳಗೆ ಬಂದದ್ದು ಹೇಗೆ? ಭದ್ರತಾ ಅಧಿಕಾರಿ ಎಲ್ಲಿದ್ದರು? ಯಾರಿಗಾದರೂ ಶಿಕ್ಷೆ ಆಗಲೇಬೇಕಲ್ಲ."

ಹೊರಗೆ ಮೆಟ್ಟಿಲ ಮೇಲೆ ಬಸು ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು. ಕೈಯಲ್ಲಿ ಆದೇಶವಿತ್ತು. ಮೂರ್ತಿಯವರು ಪಕ್ಕದಲ್ಲಿ ಕೂತರು. ದೂರದಲ್ಲಿ ಯಾರೋ ಪೂಜೆಯ ಢಾಕ್ ಡೋಲು ಬಡಿಯುತ್ತಿದ್ದರು. ಯಾರು ಯಾರನ್ನು ಸಮಾಧಾನ ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ.

"ಮೂರ್ತಿದಾ, ಅಲ್ಲಿ ಇಲೀಶ್ ಮೀನು ಸಿಗುತ್ತಾ?"

"ಗೊತ್ತಿಲ್ಲ. ನಾವು ತಿನ್ನೋದಿಲ್ಲ."

"ನನ್ನ ಮಕ್ಕಳನ್ನ ಬಿಟ್ಟು ಹೇಗಿರಲಿ ಹೇಳಿ? ನಿಮಗೆಲ್ಲಿ ಅರ್ಥವಾಗುತ್ತೆ, ನೀವು ಅಭ್ಯಾಸವಾದವರು." ಬಸು ಮೂಗು ಸೀಟಿಕೊಂಡು, ಒಳ್ಳೆಯ ಮನಸ್ಸಿನಿಂದಲೇ ಕೇಳಿದರು: "ಹೇಗೂ ನಿಮ್ಮೂರಿಗೆ ಹೋಗ್ತಿದೀನಿ. ಮನೆಗೆ ಏನಾದ್ರೂ ಕಳಿಸೋದಿದ್ರೆ ಕೊಡಿ, ಮುಟ್ಟಿಸ್ತೀನಿ."

ಮೂರ್ತಿಯವರು ಆ ಆದೇಶವನ್ನು ಮಡಿಸಿ ಬಸು ಅವರ ಜೇಬಿಗಿಟ್ಟರು.

"ಕಳಿಸೋದೇನಿಲ್ಲ" ಎಂದರು. "ಮಗಳು ಎಷ್ಟುದ್ದ ಬೆಳೆದಿದ್ದಾಳೆ ಅಂತ ನೋಡಿ ಹೇಳಿ. ಫೋನಿನಲ್ಲಿ ಮುಖ ಮಾತ್ರ ಕಾಣುತ್ತೆ."