ಬೋಲ್ಟು ಹಾಕಿದ ಸೋಫಾ

ನಮ್ಮ ಮಾವನ ಮನೆಯ ಹಾಲ್‌ನಲ್ಲಿ ಕುರ್ಚಿ ಸರಿಸಿ ಕೂರಬೇಕೆಂದರೆ ಸ್ಪ್ಯಾನರ್ ಬೇಕು. ಇದು ಉತ್ಪ್ರೇಕ್ಷೆಯಲ್ಲ. ಉತ್ಪ್ರೇಕ್ಷೆ ಮಾಡುವ ಆಸೆ ಇದ್ದಿದ್ದರೆ ಕ್ರೇನ್ ಬೇಕು ಎನ್ನುತ್ತಿದ್ದೆ. ಸೋಫಾ, ವಯರ್ ಕುರ್ಚಿಗಳು, ಕೊನೆಗೆ ಟೀಪಾಯಿಯನ್ನು ಕೂಡ ಮಾವ ನೆಲಕ್ಕೆ ಬೋಲ್ಟು ಹಾಕಿ ಬಿಗಿದಿದ್ದರು. ಹೊಸಬರು ಕುರ್ಚಿಯನ್ನು ಸ್ವಲ್ಪ ಎಳೆದುಕೊಳ್ಳಲು ಹೋಗಿ ಸೊಂಟ ಹಿಡಿಸಿಕೊಳ್ಳುತ್ತಿದ್ದರು. ಮಾವನಿಗೆ ಕಳ್ಳರ ಭಯ ಎಂದು ಊರಲ್ಲಿ ಕೆಲವರು ಅಂದರು. ಕುರ್ಚಿಗೆ ಬಿಗಿದ ಬೋಲ್ಟೆಲ್ಲ ತಲೆಯಿಂದ ಬಿಚ್ಚಿದ್ದು ಎಂದು ಉಳಿದವರು ಅಂದರು.

ಮಾವ ಎಂದರೆ ನನ್ನ ಅಮ್ಮನ ತಮ್ಮ. ಕರುಮತ್ತಂಪಟ್ಟಿಯಲ್ಲಿ ನಾಲ್ಕು ಪವರ್‌ಲೂಮ್ ಇಟ್ಟಿದ್ದರು. ತಲೆತಲಾಂತರದಿಂದ ಕೊಯಮತ್ತೂರು ಸೀಮೆಯಲ್ಲಿ ನೆಲೆಸಿದ ಕನ್ನಡದ ನೇಕಾರರು ನಾವು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಮಗ್ಗದ ಮುಂದೆ ಎರಡೂ ಅಲ್ಲ, ಏಕೆಂದರೆ ಅಲ್ಲಿ ಏನೂ ಕೇಳಿಸುವುದಿಲ್ಲ. ಪವರ್‌ಲೂಮ್ ಓಡುವಾಗ ಎದುರಿನವರ ತುಟಿ ನೋಡಿಯೇ ಮಾತು ತಿಳಿಯಬೇಕು. ನಮ್ಮಲ್ಲಿ ಆಗ ಕನ್ನಡದ ಅಕ್ಷರ ಓದಲು ಬಲ್ಲವರು ಒಬ್ಬರೂ ಇರಲಿಲ್ಲ, ನಾನು ಕಲಿತದ್ದೇ ಮದುವೆಯಾಗಿ ಮೈಸೂರಿಗೆ ಬಂದ ಮೇಲೆ. ಆದರೆ ಕನ್ನಡದ ತುಟಿ ಓದಲು ನಮ್ಮ ಮಕ್ಕಳಿಗೂ ಬರುತ್ತಿತ್ತು. ಮಗ್ಗ ನಿಂತ ಮೇಲೂ ಕಿರುಚಿಯೇ ಮಾತಾಡುವುದು ಮನೆತನದ ಅಭ್ಯಾಸ. ನಾವು ಯಾರನ್ನಾದರೂ ಕಾಫಿ ಕುಡಿಯಲು ಕರೆದರೆ ದಾರಿಹೋಕರು ಜಗಳ ಬಿಡಿಸಲು ಬರುತ್ತಿದ್ದರು.

ಆ ನಾಲ್ಕು ಮಗ್ಗಗಳಿದ್ದದ್ದು ಮನೆಯ ಮುಂದಿನ ಕೋಣೆಯಲ್ಲಿ. ಎಂಬತ್ತರ ದಶಕದ ನಡುವೆ ಮಾವ ಹಿತ್ತಲಲ್ಲೊಂದು ಶೆಡ್ ಕಟ್ಟಿಸಿ ಮಗ್ಗಗಳನ್ನು ಅಲ್ಲಿಗೆ ಸಾಗಿಸಿದರು. ಮುಂದಿನ ಕೋಣೆಯಲ್ಲಿ ಉಳಿದದ್ದು ಮಗ್ಗದ ಕಾಲು ಬಿಗಿದಿದ್ದ ಬೋಲ್ಟುಗಳು ಮಾತ್ರ. ಅವು ನೆಲದಿಂದ ಅಲ್ಲಲ್ಲಿ ತಲೆ ಎತ್ತಿಕೊಂಡಿದ್ದವು.

"ಇನ್ನು ಇದು ಹಾಲ್," ಎಂದರು ಮಾವ. ನಮ್ಮಪ್ಪ ಬೋಲ್ಟು ಎಡವಿ ಹೆಬ್ಬೆರಳು ಹಿಡಿದುಕೊಂಡು ಕೂತಿದ್ದರು.

ಹಾಲ್ ಯಾರಿಗಾಗಿ? ಅತ್ತೆಗಾಗಿ. ಮದುವೆಯಾಗಿ ಬಂದಂದಿನಿಂದ ಅತ್ತೆ ಮಗ್ಗದ ಮುಂದೆ ನಿಂತೇ ಇದ್ದವರು. ಬಂದವರೊಂದಿಗೆ ಕೂತು ಮಾತಾಡಲು ಅವರಿಗೊಂದು ಜಾಗವಾಗಬೇಕು ಎಂಬುದು ಮಾವನ ಹಟ. ಅತ್ತೆ ಮಹಾ ಮಾತುಗಾರ್ತಿ. ಶೆಡ್‌ನಲ್ಲಿ ಈ ಮಗ್ಗದಿಂದ ಆ ಮಗ್ಗಕ್ಕೆ ಅವರು ಸಾಗಿಸುವ ಸುದ್ದಿ ಲಾಳಿಗಿಂತ ವೇಗವಾಗಿ ಓಡುತ್ತಿತ್ತು. ಆದರೆ ಹಾಲ್‌ಗೆ ಮಾತ್ರ ಅವರು ಬರಲೊಲ್ಲರು. ನೆಂಟರು ಬಂದರೆ ಕಾಫಿ ಕೊಟ್ಟು, ನಕ್ಕು, ಒಳಗೆ ಹೋಗಿಬಿಡುತ್ತಿದ್ದರು.

ಹಾಲ್ ಅವರಿಗೆ ಹಿಡಿಸಿಲ್ಲ ಎಂದು ಎಲ್ಲರೂ ತೀರ್ಮಾನಿಸಿದೆವು. ಮಾವ ಗೋಡೆಗೆ ಗಿಳಿಹಸಿರು ಬಣ್ಣ ಬಳಿಸಿದರು.

"ರೊಂಬ ಚೆನ್ನಾಗದೆ," ಎಂದು ಅತ್ತೆ ಅಡುಗೆಮನೆಗೆ ಹೋದರು.

ಗಿಳಿಹಸಿರು ಹೋಗಿ ಗುಲಾಬಿ ಬಂತು. ಅತ್ತೆ ಅದನ್ನೂ ಹೊಗಳಿ ಶೆಡ್‌ಗೆ ಹೋದರು. ಮಾವ ಹಿಮದ ಬೆಟ್ಟ, ಕೊಳ, ಹಂಸವಿದ್ದ ದೊಡ್ಡ ಸೀನರಿ ತಂದು ಗೋಡೆಗೆ ಅಂಟಿಸಿದರು. ಬೇಸಿಗೆಯಲ್ಲಿ ಅದರ ಮುಂದೆ ಕೂತವರಿಗೆ ಬೆವರು ಇನ್ನೂ ಹೆಚ್ಚಾಗುತ್ತಿತ್ತು. ಕೊನೆಗೆ ವಾಲ್ಪಾರೈಗೆ ಹೋಗಿ ಟೀ ಗಿಡದ ಬುಡದಿಂದ ಮಾಡಿದ ಟೀಪಾಯಿ ತಂದರು. ಅದಕ್ಕೆ ಆರು ಕಡೆ ಕೊಂಬೆ. ಘಾಟಿ ಬಸ್ಸಿನ ಒಂದೊಂದು ತಿರುವಿಗೂ ಅದು ಒಬ್ಬೊಬ್ಬ ಪ್ರಯಾಣಿಕನನ್ನು ತಿವಿದಿದೆ. ಕಂಡಕ್ಟರ್ ಅದಕ್ಕೊಂದು ಟಿಕೆಟ್ ಹರಿದನಂತೆ. ಟಿಕೆಟ್ ಕೊಟ್ಟ ಮೇಲೆ ಅದಕ್ಕೂ ಸೀಟಿನ ಹಕ್ಕಿದೆ ಎಂದು ಮಾವ ಅದನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಂದರು.

ಅತ್ತೆ ಟೀಪಾಯಿಯನ್ನು ಸವರಿ ನೋಡಿ, "ಎಷ್ಟು ಅಂದ," ಎಂದರು. ಮತ್ತೆ ಶೆಡ್‌ಗೆ ಹೋದರು.

ಆ ದಿನ ಮಾವ ಅವರ ಹಿಂದೆಯೇ ಹೋಗಿ, ಶೆಡ್ಡಿನ ಬಾಗಿಲಲ್ಲಿ ನಿಂತು, ಅತ್ತೆ ಕೆಲಸದವರೊಂದಿಗೆ ಹರಟುವುದನ್ನು ಬಹಳ ಹೊತ್ತು ನೋಡುತ್ತಿದ್ದರು. ಮಾವನ ಅಲಂಕಾರ ದಾರಿ ತಪ್ಪಿದ್ದು ಅಲ್ಲಿಂದಲೇ.

ಮೊದಲು ಕಿಟಕಿಯ ಪರದೆಗಳು ಹೋದವು. ಆಮೇಲೆ ಅತ್ತೆಗೆಂದು ಇಟ್ಟ ಕುರ್ಚಿಯ ಬೆನ್ನಿಗಿದ್ದ ಗೋಡೆಯಲ್ಲಿ ಎರಡು ಟ್ಯೂಬ್‌ಲೈಟ್ ಬಂದವು. ಬೆಳಕೆಲ್ಲ ನೆಂಟರ ಮುಖಕ್ಕೆ ಬೀಳುತ್ತಿತ್ತು. ಹಾಗೆ ಕೂತವರಿಗೆ ಮಾಡದ ತಪ್ಪನ್ನೂ ಒಪ್ಪಿಕೊಳ್ಳಬೇಕು ಎನಿಸುತ್ತಿತ್ತು. ಒಂದು ಕನ್ನಡಿಯನ್ನು ಓರೆಯಾಗಿ ನೇತುಹಾಕಿದರು. ಅದರಲ್ಲಿ ಯಾರಿಗೂ ಅವರವರ ಮುಖ ಕಾಣದು, ಅತ್ತೆಯ ಕುರ್ಚಿಯಿಂದ ನೋಡಿದರೆ ಬೀದಿಬಾಗಿಲು ಕಾಣುತ್ತದೆ. ಹಾಲ್‌ನಲ್ಲಿ ಎಲೆಅಡಿಕೆ ಹಾಕಿಕೊಂಡು ಮಾತಾಡಬಾರದೆಂಬ ಕಾನೂನು ಬಂತು. ಅಡಿಕೆ ಜಗಿಯದೆ ಮಾತೇ ಬಾರದ ನಮ್ಮ ದೊಡ್ಡಜ್ಜಿ ಆ ಮನೆಗೆ ಬರುವುದನ್ನೇ ನಿಲ್ಲಿಸಿದರು.

ಇಷ್ಟಾದರೂ ಜನ ಕುರ್ಚಿ ತಿರುಗಿಸಿಕೊಂಡು ಸೀನರಿ ನೋಡುತ್ತ ಮಾತಾಡುತ್ತಿದ್ದರು. ಮಾವನಿಗೆ ನೆಲದ ಬೋಲ್ಟುಗಳ ನೆನಪಾಯಿತು. ಕಬ್ಬಿಣದ ಪಟ್ಟಿ ತರಿಸಿ, ಮಗ್ಗ ಬಿಗಿದಂತೆಯೇ ಕುರ್ಚಿಗಳನ್ನೂ ಬಿಗಿಸಿದರು. ಎಲ್ಲ ಕುರ್ಚಿಗಳ ಮುಖವೂ ಅತ್ತೆಯ ಕುರ್ಚಿಯ ಕಡೆಗೆ. ಆ ಕುರ್ಚಿ ಮಾತ್ರ ಇನ್ನೂ ಖಾಲಿ.

ನಮ್ಮ ಮನೆಯಿದ್ದ ತಿರುಪ್ಪೂರಿನಿಂದ ನಾವು ಹೋದಾಗ ಅಪ್ಪನ ಸರದಿ ಬಂತು. ಮಾವ ಅವರನ್ನು ಬೆಳಕಿನಲ್ಲಿ ಕೂರಿಸಿ, ತಲೆಯನ್ನು ಅತ್ತಿತ್ತ ಓರೆ ಮಾಡಿ ನೋಡಿದರು.

"ಬಾವ, ಮೀಸೆ ಒಸಿ ಕತ್ರಿಸ್ಕೊಳ್ಳಿ."

"ಯಾಕೆ?"

"ತುಟಿ ಮೇಲೆ ಬೀಳ್ತದೆ. ಹಾಲ್‌ಗೆ ಒಪ್ಪೋದಿಲ್ಲ."

"ನಿನ್ನ ಸೋಫಾಗೆ ಒಪ್ಪಲಿ ಅಂತ ನನ್ನ ಮೀಸೆ ತೆಗೀಬೇಕಾ?"

"ತೆಗೀಬೇಡಿ ಬಾವ. ಕೆಳಗಡೆ ಮಾತ್ರ."

ಅಪ್ಪನ ಮೀಸೆಯನ್ನು ಆವರೆಗೆ ಯಾರೂ ಟೀಕಿಸಿರಲಿಲ್ಲ. ಅವರು ರೋಷದಿಂದ ಎದ್ದು, ಕುರ್ಚಿಯನ್ನು ಹಿಂದಕ್ಕೆ ತಳ್ಳಲು ಹೋದರು. ಕುರ್ಚಿ ಕದಲಲಿಲ್ಲ. ರೋಷ ತೋರಿಸಲು ದಾರಿಯಿಲ್ಲದೆ ಮತ್ತೆ ಕೂತರು. ಮರುವಾರ ಮೀಸೆ ಕತ್ತರಿಸಿಕೊಂಡರು. ಅವರ ಅಂಗಡಿಯಲ್ಲಿ ಎಲ್ಲರೂ ಹೊಗಳಿದರಂತೆ, ಅದು ಅವರ ಸಿಟ್ಟನ್ನು ಇನ್ನೂ ಹೆಚ್ಚಿಸಿತು.

ಮೀಸೆ ಕತ್ತರಿಸಿದ ಮೇಲೆ ಒಂದು ಮಧ್ಯಾಹ್ನ ಅತ್ತೆ ಕಾಫಿ ಕೊಟ್ಟು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಆ ಕುರ್ಚಿಯ ತುದಿಯಲ್ಲಿ ಕೂತರು. ಅಪ್ಪ ಏನೋ ಕೇಳಿದರು, ಅವರು ಉತ್ತರ ಕೊಟ್ಟರು. ಮಾವ ಬಾಗಿಲ ಬಳಿ ನಿಂತು ನೋಡುತ್ತಿದ್ದರು. ಅಂದಿನಿಂದ ಅತ್ತೆ, ಮನೆಯವರಿದ್ದಾಗ ಮಾತ್ರ, ಹಾಲ್‌ನಲ್ಲಿ ಕೂರಲು ಶುರುಮಾಡಿದರು.

ಹೊರಗಿನವರ ಪರೀಕ್ಷೆ ನನ್ನಿಂದಾಗಿ ಬಂತು. ಮೈಸೂರಿನಿಂದ ನನ್ನನ್ನು ನೋಡಲು ಬರುತ್ತಾರೆಂದಾಯಿತು. ನಮ್ಮ ಮನೆ ಚಿಕ್ಕದು, ಆದ್ದರಿಂದ ಮಾವನ ಹಾಲ್‌ನಲ್ಲೇ ಏರ್ಪಾಡು. ಅಮ್ಮ ಗೋಗರೆದಳು, "ಒಂದಿನಕ್ಕಾದ್ರೂ ಆ ಬೋಲ್ಟ್ ಬಿಚ್ಚೋ."

"ಬಿಚ್ಚಿದ್ರೆ ನಮ್ಮವಳು ಕೂರೋದಿಲ್ಲ," ಎಂದರು ಮಾವ.

ಮೈಸೂರಿನವರು ಸಂಜೆ ಬಂದರು. ಅವರು ಮಾತಾಡಿದರೆ ಪಕ್ಕದ ಮನೆಗೆ ಕೇಳಿಸುವುದಿಲ್ಲ. ನಮ್ಮ ಕಡೆ ಅದನ್ನು ಮಾತು ಎನ್ನುವ ರೂಢಿಯಿಲ್ಲ. ಗಂಡಿನ ತಾಯಿ ಕುರ್ಚಿ ಎಳೆಯಲು ನೋಡಿ, ಸೋತು, ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಕೂತರು. ಎದುರಿಗೆ ಅತ್ತೆ ಬಂದು ಕೂತರು, ಪಕ್ಕದಲ್ಲಿ ತಲೆ ತಗ್ಗಿಸಿಕೊಂಡು ನಾನು. ಮಾತು ಶುರುವಾಯಿತು ನೋಡಿ, ಅತ್ತೆಯನ್ನು ಹಿಡಿಯುವವರಿಲ್ಲ! ಸೀರೆ, ನೂಲು, ಸೊಸೆಯಂದಿರು, ಮೈಸೂರಿನ ಚಳಿ. ಗಂಡಿನ ತಾಯಿ ನಗುತ್ತ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಮಾವ ಬಾಗಿಲಿಂದಲೇ, "ಅಮ್ಮ, ಸೆರಗು ಒಸಿ ಕೆಳಗಿಳಿಸಿ, ಸೆಕೆ ಅಲ್ವಾ," ಎಂದರು. ಚಳಿಗಾಲ. ಅವರು ಗಾಬರಿಯಿಂದ ಇಳಿಸಿದರು.

ಆಗ ಕರೆಂಟ್ ಹೋಯಿತು.

ಕತ್ತಲಲ್ಲಿ ಗಂಡಿನ ತಾಯಿ ಮೆಲ್ಲಗೆ, "ಹುಡುಗಿಗೆ ಅಡುಗೆ ಬರುತ್ತೇನಮ್ಮ?" ಎಂದು ಕೇಳಿದರು. ಅತ್ತೆ ಸುಮ್ಮನಿದ್ದರು. ಅವರು ಮತ್ತೊಮ್ಮೆ ಕೇಳಿದರು. ಅತ್ತೆಯ ಕೈ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿಯಿತು. ನನಗೆ ಅಡುಗೆ ಬಾರದು, ಅದಕ್ಕೇ ಈ ಮೌನ ಎಂದು ಗಂಡಿನ ತಾಯಿ ತಿಳಿದಿರಬೇಕು. ಕುರ್ಚಿಯ ಕಿರುಗುಟ್ಟುವಿಕೆ ಕೇಳಿಸಿತು. ನನ್ನ ಸಂಬಂಧ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಥಟ್ಟನೆ ಟಾರ್ಚ್ ಹೊತ್ತಿತು. ಬೆಳಕು ನೇರ ಗಂಡಿನ ತಾಯಿಯ ಮುಖದ ಮೇಲೆ. ಬೀಗಿತ್ತಿಯಾಗಬೇಕಾದವರ ಮೂತಿಗೆ ಮೂರು ಸೆಲ್ಲಿನ ಟಾರ್ಚ್ ಬಿಟ್ಟವರು ನಮ್ಮ ಸೀಮೆಯಲ್ಲಿ ಮಾವನೊಬ್ಬರೇ ಇರಬೇಕು.

"ಈಗ ಕೇಳಿ ಅಮ್ಮ," ಎಂದರು ಮಾವ.

ಅವರು ನಡುಗುವ ದನಿಯಲ್ಲಿ ಮೂರನೆಯ ಸಲ ಕೇಳಿದರು.

"ಅಡುಗೆ ನಾನೇ ಕಲಿಸಿರಾದು," ಎಂದರು ಅತ್ತೆ ಸರಾಗವಾಗಿ. "ಉಪ್ಪಿನ ಡಬ್ಬಿ ಒಂದು ಅವಳ ಕೈಗೆ ಕೊಡ್ಬೇಡಿ."

ಎಲ್ಲರೂ ನಕ್ಕರು. ನಾನು ತಲೆ ಎತ್ತಿ ಅತ್ತೆಯ ಕಡೆ ನೋಡಿದೆ. ಅವರ ಕಣ್ಣು ಎದುರಿನವರ ತುಟಿಯ ಮೇಲೆ ನೆಟ್ಟಿತ್ತು, ನಾಲ್ಕು ಮಗ್ಗ ಓಡುತ್ತಿವೆಯೋ ಎಂಬಂತೆ. ಹಾಲ್‌ನಲ್ಲಿ ಒಂದು ಮಗ್ಗವೂ ಇರಲಿಲ್ಲ. ಪರದೆ, ಕನ್ನಡಿ, ಎಲೆಅಡಿಕೆ, ಅಪ್ಪನ ಮೀಸೆ, ಎಲ್ಲ ಒಟ್ಟಿಗೆ ನನಗೆ ಅರ್ಥವಾದವು. ಎಲ್ಲರೂ ಕಿರುಚುವ, ಎಲ್ಲರೂ ತುಟಿ ನೋಡುವ ಮನೆಯಲ್ಲಿ ಒಬ್ಬರ ಕಿವಿ ಹೋದದ್ದು ನಮಗೆ ಯಾರಿಗೂ ತಿಳಿದಿರಲಿಲ್ಲ.

ಸಂಬಂಧ ಕುದುರಿತು. ಇಷ್ಟು ವಿಚಿತ್ರ ಜನ ಸುಳ್ಳು ಹೇಳಲಾರರು ಎಂಬುದು ನನ್ನ ಗಂಡನ ಮನೆಯವರ ಅಂದಾಜು. ಅವರು ಹೊರಟ ಮೇಲೆ ನಾನು ಮಾವನ ಹತ್ತಿರ ಹೋದೆ. ಅವರು ಸ್ಪ್ಯಾನರ್ ಹಿಡಿದು ನೆಲದ ಮೇಲೆ ಕೂತು, ಗಂಡಿನ ತಾಯಿ ಕೂತಿದ್ದ ಕುರ್ಚಿಯ ಬೋಲ್ಟು ಸಡಿಲಿಸುತ್ತಿದ್ದರು.

"ಮಾವ, ಅತ್ತೆಗೆ ಕಿವಿ ಕೇಳಾದಿಲ್ವಾ?"

ಮಾವ ಗಾಬರಿಯಿಂದ ಅಡುಗೆಮನೆಯ ಕಡೆ ನೋಡಿ, ಕೈಯಿಂದ ನನ್ನ ಬಾಯಿ ಮುಚ್ಚಿದರು. ತುಟಿ ಕಾಣದಂತೆ.

"ಸುಮ್ನಿರು. ಅವಳು ಇನ್ನೂ ನನಗೆ ಹೇಳಿಲ್ಲ."

ನನಗೆ ಅಳು ತಡೆಯಲಾಗಲಿಲ್ಲ. ಮದುವೆ ಗೊತ್ತಾದ ಹುಡುಗಿ ಅಳುವುದು ಸಹಜ, ಆದ್ದರಿಂದ ಯಾರೂ ಏನೂ ಕೇಳಲಿಲ್ಲ. ಮಾವ ಆ ಕುರ್ಚಿಯನ್ನು ಅತ್ತೆಯ ಕುರ್ಚಿಯ ಕಡೆಗೆ ಒಂದಿಷ್ಟು ತಿರುಗಿಸಿ, ಕೂತು ನೋಡಿ, ಮತ್ತೆ ಬೋಲ್ಟು ಬಿಗಿದರು.