ಮೇಲೇಳದ ಕೆಂಪು ಕಾರ್ಡು

ಬುಧವಾರ ಬೆಳಗ್ಗೆ ಹಲ್ಲುಜ್ಜುತ್ತಾ ಲಿಫ್ಟ್ ಮೆಕ್ಯಾನಿಕ್ ಕನ್ನಡಿಯ ಎದುರು ಒಂದು ಭೀಕರ ಪ್ರತಿಜ್ಞೆ ಮಾಡಿದ. ಸಂಜೆ ಭಾಷಣ ಕ್ಲಬ್ಬಿನಲ್ಲಿ ತಾನು ಏಳು ನಿಮಿಷ ನಿರರ್ಗಳವಾಗಿ ಮಾತಾಡುವುದು, ಅದರಲ್ಲಿ ಒಂದೇ ಒಂದು 'ಅಂದ್ರೆ' ನುಸುಳದಂತೆ ನೋಡಿಕೊಳ್ಳುವುದು, ಮುಗಿಯುವ ಹೊತ್ತಿಗೆ ಸಭೆಗೆ ಸಭೆಯೇ ಕಣ್ಣೊರೆಸಿಕೊಳ್ಳುವುದು! ಕನ್ನಡಿಯಲ್ಲಿದ್ದವನಿಗೆ ಇದು ಸ್ವಲ್ಪ ಅತಿಯಾಯಿತು ಅನಿಸಿರಬೇಕು. ಬಾಯಿಂದ ನೊರೆ ಜಾರಿ ಇಸ್ತ್ರಿ ಮಾಡಿದ ಅಂಗಿಯ ಮೇಲೆ ಬಿತ್ತು.

ಇಂಥ ಪ್ರತಿಜ್ಞೆಗೆ ಕಾರಣ ಫ್ರಿಜ್ಜಿನ ಮೇಲೆ ಕೂತಿತ್ತು. ಅವನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಒಂದು ಹಗಲು ಪೂರ್ತಿ ಪ್ರಯಾಣ ಮಾಡಬೇಕಾದಷ್ಟು ದೂರದ ಊರಿನಲ್ಲಿ ಹೊಸ ಆಸ್ಪತ್ರೆ ಶುರುವಾಗುತ್ತಿದೆ, ಎರಡು ವರ್ಷದ ಮಟ್ಟಿಗೆ ಹೋಗುತ್ತೀರಾ ಎಂದು ಕೇಳಿ ಆಕೆಗೆ ಕಾಗದ ಬಂದಿತ್ತು. ಬಲವಂತವಿಲ್ಲ. ಒಪ್ಪಿಗೆಯಿದ್ದರೆ ಕೆಳಗೆ ಸಹಿ ಹಾಕಿ ಗುರುವಾರ ಬೆಳಗ್ಗೆಯೊಳಗೆ ತಲುಪಿಸಬೇಕು, ಅಷ್ಟೇ. ಕಾಗದ ಬಂದ ದಿನ ಆಕೆ ಅದನ್ನು ಅವನ ತಟ್ಟೆಯ ಪಕ್ಕ ಇಟ್ಟು, "ಏನ್ ಹೇಳ್ತೀರಿ?" ಅಂದಿದ್ದಳು. ಅವನು, "ಎರಡು ನಿಮಿಷ ಇರು, ಹೇಳ್ತೀನಿ" ಅಂದಿದ್ದ.

ಅದಾಗಿ ಇಪ್ಪತ್ತು ದಿನವಾಗಿತ್ತು.

'ಎರಡು ನಿಮಿಷ' ಎನ್ನುವುದು ಅವನ ಕಸುಬಿನ ಮಾತು. ಲಿಫ್ಟು ನಡುದಾರಿಯಲ್ಲಿ ಕೈಕೊಟ್ಟಾಗ ಒಳಗೆ ಸಿಕ್ಕಿಕೊಂಡವರಿಗೆ ಮುಚ್ಚಿದ ಬಾಗಿಲಿನ ಹೊರಗೆ ನಿಂತು, "ಗಾಬರಿ ಆಗಬೇಡಿ, ಎರಡೇ ನಿಮಿಷ" ಎಂದು ಹೇಳುತ್ತಾನೆ. ಆಮೇಲೆ ಮುಕ್ಕಾಲು ಗಂಟೆಯಾದರೂ ಆಗುತ್ತದೆ, ಒಂದೂವರೆ ಗಂಟೆಯಾದರೂ ಆಗುತ್ತದೆ. ಹಾಗಾಗಿ ಅವನು ನೋಡಿಕೊಳ್ಳುವ ಕಟ್ಟಡಗಳಲ್ಲೆಲ್ಲ ಅವನ ಹೆಸರೇ 'ಎರಡು ನಿಮಿಷ'. ಹತ್ತೊಂಬತ್ತು ವರ್ಷದ ಹಿಂದೆ ಹಾಗೆ ಸಿಕ್ಕಿಕೊಂಡವರಲ್ಲಿ ಡ್ಯೂಟಿ ಮುಗಿಸಿ ಹೊರಟಿದ್ದ ಒಬ್ಬ ನರ್ಸೂ ಇದ್ದಳು. ಅವಳೊಬ್ಬಳೇ, ಅದೂ ಕತ್ತಲಲ್ಲಿ. ಆವತ್ತು ನಮ್ಮ ಮೆಕ್ಯಾನಿಕ್ ಬಾಗಿಲಾಚೆಯಿಂದ ನಲವತ್ತು ನಿಮಿಷ ಎಡೆಬಿಡದೆ ಮಾತಾಡಿದ್ದ. ತನ್ನ ಶಾಲೆ, ತನ್ನ ಅಣ್ಣ, ತಾನು ಸಾಕಿದ ಕುಂಟು ನಾಯಿ, ಎಲ್ಲ ಬಂದುಹೋದವು. ಒಳಗಿನಿಂದ ನಗು ಕೇಳಿಸುತ್ತಿತ್ತು. ಆಮೇಲೆ ಬಾಗಿಲು ತೆರೆಯಿತು, ಅವಳ ಮುಖ ಕಂಡಿತು, ಅವನ ಬಾಯಿ ಮುಚ್ಚಿತು. ಮದುವೆಯಾದ ಮೇಲೂ ಅದು ಸರಿಯಾಗಿ ತೆರೆದದ್ದಿಲ್ಲ. ಆ ಮಾತುಗಾರ ಎಲ್ಲಿ ಹೋದ ಎಂದು ಆಕೆ ಮೊದಲ ಕೆಲವು ವರ್ಷ ಕೇಳಿದಳು, ಆಮೇಲೆ ಕೇಳುವುದನ್ನು ಬಿಟ್ಟಳು.

ಅವನು ಹೇಳಬೇಕಾಗಿದ್ದದ್ದು ಒಂದೇ ಪದ: ಹೋಗಬೇಡ. ಅವಳಿಲ್ಲದ ಮನೆಯನ್ನು ನೆನೆಸಿಕೊಳ್ಳಲೂ ಅವನಿಂದ ಆಗುತ್ತಿರಲಿಲ್ಲ. ಮೂರು ಸಲ ಪ್ರಯತ್ನಪಟ್ಟ. ಊಟದ ಹೊತ್ತಿನಲ್ಲಿ "ಅಂದ್ರೆ..." ಎಂದು ಶುರುಮಾಡುತ್ತಿದ್ದ, ಆಕೆ ಕೈ ನಿಲ್ಲಿಸಿ ತಲೆಯೆತ್ತುತ್ತಿದ್ದಳು, ಇವನು ಉಪ್ಪು ಕೇಳುತ್ತಿದ್ದ. ಉಪ್ಪು ಜಾಸ್ತಿ ತಿನ್ನಬೇಡಿ ಎಂದು ಆಕೆ ಹೇಳುವಲ್ಲಿಗೆ ಮಾತುಕತೆ ಮುಗಿಯುತ್ತಿತ್ತು. ಇದು ಹೀಗಾದರೆ ಆಗದು, ಶಾಸ್ತ್ರೋಕ್ತವಾಗಿಯೇ ಕಲಿಯಬೇಕು ಎಂದು ನಿರ್ಧರಿಸಿ ಅವನು ಭಾಷಣ ಕ್ಲಬ್ಬಿಗೆ ಸೇರಿದ.

ಕ್ಲಬ್ಬಿನವರು ಒಂದು ಕೈಪಿಡಿ ಕೊಟ್ಟರು. ಅದರಲ್ಲಿ, ಮುಖ್ಯವಾದ ಮಾತನ್ನು ಯಾವತ್ತೂ ಕೊನೆಗೆ ಇಡಿ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಇವನು ಅದನ್ನು ವೇದವಾಕ್ಯ ಮಾಡಿಕೊಂಡ. ಕ್ಲಬ್ಬಿನಲ್ಲಿ ಸಮಯ ನೋಡುವವರು ಐದು ನಿಮಿಷಕ್ಕೆ ಹಸಿರು ಕಾರ್ಡು, ಆರಕ್ಕೆ ಹಳದಿ, ಏಳಕ್ಕೆ ಕೆಂಪು ಕಾರ್ಡು ಎತ್ತುತ್ತಿದ್ದರು. ಇವನು ತನ್ನ ಭಾಷಣವನ್ನು ಕಾರ್ಡಿಗೆ ಕಾರ್ಡು ಜೋಡಿಸಿಯೇ ಕಟ್ಟಿದ: ಹಸಿರು ಬಂದರೆ ಮುಚ್ಚಿದ ಬಾಗಿಲಿನ ಕತೆ, ಹಳದಿಗೆ ಹತ್ತೊಂಬತ್ತು ವರ್ಷದ ಸಂಸಾರ, ಕೆಂಪು ಕಂಡ ತಕ್ಷಣ ಹೆಂಡತಿಯ ಕಡೆ ತಿರುಗಿ 'ಹೋಗಬೇಡ'. ಬೇರೆ ಜಾಗವಿಲ್ಲದೆ ಒಂದು ವಸತಿ ಕಟ್ಟಡದ ನೆತ್ತಿಯ ಮೇಲಿನ ಮೋಟರ್ ಕೋಣೆಯಲ್ಲಿ ಅಭ್ಯಾಸ ನಡೆಯಿತು. ಲಿಫ್ಟಿನ ಬಾವಿಯೊಳಗಿಂದ ಅದು ಆರೂ ಮಹಡಿಗೆ ಕೇಳುತ್ತಿತ್ತು ಎನ್ನುವುದು ಅವನಿಗೆ ಗೊತ್ತಾದದ್ದು ನಾಲ್ಕನೇ ಮಹಡಿಯ ಅಜ್ಜಿ, "ಪಾಪ, ಹೋದ್ರಾ ಇದ್ದಾರಾ ಅವರು?" ಎಂದು ವಿಚಾರಿಸಿದಾಗ. ಒಟ್ಟಿನಲ್ಲಿ ವಿಷಯ ಹೆಂಡತಿಯೊಬ್ಬಳನ್ನು ಬಿಟ್ಟು ಎಲ್ಲರಿಗೂ ತಿಳಿದಿತ್ತು.

ಬುಧವಾರ ಸಂಜೆ ಕ್ಲಬ್ಬಿಗೆ ಬಾ ಎಂದು ಆಕೆಯನ್ನು ಕರೆದ. ವಿಷಯ ಏನು ಎಂದು ಕೇಳಿದಳು. "ಅಂದ್ರೆ... ಲಿಫ್ಟು" ಅಂದ.

ಆಕೆ ಬಂದಳು. ಡ್ಯೂಟಿಯಿಂದ ನೇರವಾಗಿ ಬಂದಿದ್ದಳು. ಎದೆಗೆ ಸಿಕ್ಕಿಸಿದ ಪುಟ್ಟ ಗಡಿಯಾರ ಹಾಗೇ ಇತ್ತು, ಕೈಯಲ್ಲಿ ಚೀಲ. ಕ್ಲಬ್ಬು ಸೇರುತ್ತಿದ್ದದ್ದು ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ: ಇಪ್ಪತ್ತು ಪ್ಲಾಸ್ಟಿಕ್ ಕುರ್ಚಿ, ಅಲುಗಾಡುವ ಒಂದು ಮೈಕು ಸ್ಟ್ಯಾಂಡು, ಹನ್ನೆರಡು ಮಂದಿ. ಅಧ್ಯಕ್ಷರು ನಿವೃತ್ತ ಸ್ಟೇಷನ್ ಮಾಸ್ಟರು. ಮೂವತ್ತನಾಲ್ಕು ವರ್ಷ ತಡವಾಗಿ ಬರುವ ರೈಲುಗಳನ್ನು ಕಾದು ಕಾದು ಅವರಿಗೆ ಸಮಯದ ವಿಷಯದಲ್ಲಿ ದಯೆ ದಾಕ್ಷಿಣ್ಯ ಉಳಿದಿರಲಿಲ್ಲ. ಏಳು ನಿಮಿಷದ ಮೇಲೆ ಅರ್ಧ ನಿಮಿಷವಾದರೆ ತಾವೇ ಚಪ್ಪಾಳೆ ಶುರುಮಾಡುತ್ತಿದ್ದರು, ಉಳಿದವರೂ ಕೈಜೋಡಿಸಬೇಕು, ಮಾತಾಡುವವನು ಯಾವ ವಾಕ್ಯದಲ್ಲಿದ್ದರೂ ಅಲ್ಲೇ ಬಿಟ್ಟು ಕೂರಬೇಕು. ಇದು ಕ್ಲಬ್ಬಿನ ಕಟ್ಟುನಿಟ್ಟಾದ ಪದ್ಧತಿ.

ಆವತ್ತು ಸಮಯ ನೋಡುವವರಿಗೆ ಜ್ವರ. ಅಧ್ಯಕ್ಷರ ಕಣ್ಣು ಕೋಣೆಯನ್ನೆಲ್ಲ ಸುತ್ತಿ ಹೊಸದಾಗಿ ಬಂದವರ ಎದೆಯ ಮೇಲಿದ್ದ ಗಡಿಯಾರಕ್ಕೆ ಬಂದು ನಿಂತಿತು. ನಾಡಿ ಎಣಿಸುವವರಿಗಿಂತ ನಂಬಿಕಸ್ಥರು ಯಾರು ಸಿಗುತ್ತಾರೆ? ಮೂರು ಕಾರ್ಡು, ಒಂದು ಹಾಳೆ, ಒಂದು ಪೆನ್ನು ಆಕೆಯ ಮಡಿಲಿಗೆ ಬಂದವು. ಮೆಕ್ಯಾನಿಕ್ಕಿಗೆ ಸ್ವರ್ಗ ಮೂರೇ ಗೇಣು! ಕೆಂಪು ಕಾರ್ಡು ಎತ್ತುವವಳೂ ಅವಳೇ, ಅದನ್ನು ನೋಡಿ ಹೇಳುವ ಮಾತೂ ಅವಳಿಗೇ. ಎಲ್ಲ ಕೂಡಿಬಂದಿದೆ ಎಂದುಕೊಂಡ.

ಮೊದಲ ಇಬ್ಬರು ಮಾತಾಡಿದರು. ಆಕೆ ಕ್ಷಣ ಹೆಚ್ಚು ಕಡಿಮೆಯಾಗದಂತೆ ಕಾರ್ಡು ಎತ್ತಿದಳು. ಅಧ್ಯಕ್ಷರು ಮೆಚ್ಚಿ ತಲೆದೂಗಿದರು. ಮೂರನೆಯವನು ಇವನು.

ಎದ್ದು ಹೋಗಿ ಮೈಕು ಹಿಡಿದದ್ದೇ ಪ್ರತಿಜ್ಞೆ ಕೈಬಿಟ್ಟುಹೋಯಿತು. "ಅಂದ್ರೆ, ಎಲ್ಲರಿಗೂ ನಮಸ್ಕಾರ" ಅಂದ. ಮೂಲೆಯಲ್ಲಿ 'ಟಿಣ್' ಅಂತು. ಅನಗತ್ಯ ಪದ ಬಂದಾಗಲೆಲ್ಲ ಗಂಟೆ ಬಾರಿಸುವ ಕೆಲಸ ಅಲ್ಲೊಬ್ಬ ಟೈಲರಮ್ಮನದು. ಎರಡನೆಯ ವಾಕ್ಯ, ಟಿಣ್. ಮೂರನೆಯದು, ಟಿಣ್ ಟಿಣ್. ಸುಮಾರು ಹೊತ್ತು ಭಾಷಣ ಅವನದೋ ಗಂಟೆಯದೋ ಹೇಳುವಂತಿರಲಿಲ್ಲ. ಹಸಿರು ಕಾರ್ಡು ಎದ್ದಮೇಲೆ ಸ್ವಲ್ಪ ಹಿಡಿತ ಸಿಕ್ಕಿತು. ಮುಚ್ಚಿದ ಬಾಗಿಲಿನ ಕತೆ ಹೇಳಿದ. ಹೆಸರು ಹೇಳಲಿಲ್ಲ, ಒಬ್ಬ ನರ್ಸು ಅಂದ. ಕುಂಟು ನಾಯಿಯ ಮಾತು ಬಂದಾಗ ಮುಂದಿನ ಸಾಲಿನವರು ನಕ್ಕರು. ಆಕೆ ನಗಲಿಲ್ಲ, ಅವನನ್ನೇ ನೋಡುತ್ತಿದ್ದಳು. ಹಳದಿ ಕಾರ್ಡು ಎದ್ದಿತು. ಹತ್ತೊಂಬತ್ತು ವರ್ಷದ ಸಂಸಾರ ಒಂದೇ ನಿಮಿಷದಲ್ಲಿ ಮುಗಿಯಿತು. ಇನ್ನು ಕೆಂಪು.

ಕೆಂಪು ಬರಲಿಲ್ಲ.

ಅವನು ಕಾದ. ಹೆಂಡತಿ ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಏಳು ನಿಮಿಷ ಇನ್ನೂ ಆಗಿಲ್ಲ, ತಾನೇ ಗಡಿಬಿಡಿ ಮಾಡಿದೆ ಎಂದುಕೊಂಡು ಖಾಲಿ ಜಾಗ ತುಂಬಿಸಲು ಲಿಫ್ಟಿನ ಹಗ್ಗದ ವಿಚಾರ ಎತ್ತಿದ. ಹಗ್ಗ ಉಕ್ಕಿನದು, ಆರು ಎಳೆಯದು, ಒಂದು ಕಿತ್ತರೂ ಉಳಿದವು ಹಿಡಿದುಕೊಳ್ಳುತ್ತವೆ ಅಂದ. ಟಿಣ್. ಕಾರ್ಡಿಲ್ಲ. ಬಾಗಿಲಿನ ಸಂದಿಗೆ ಯಾವ ಎಣ್ಣೆ ಬಿಡಬೇಕು, ಯಾವುದನ್ನು ಬಿಡಬಾರದು ಎಂದು ವಿವರಿಸಿದ. ಟಿಣ್. ಕಾರ್ಡಿಲ್ಲ! ಹೆಂಡತಿಯ ಕಣ್ಣು ಇನ್ನೂ ಅವನ ಮೇಲೇ ಇತ್ತು, ರೋಗಿಯ ಬಾಯಲ್ಲಿ ಥರ್ಮಾಮೀಟರ್ ಇಟ್ಟು ಕಾಯುವಾಗ ನೋಡುತ್ತಾಳಲ್ಲ, ಹಾಗೆ. ಅವನು ಎಣ್ಣೆಯಿಂದ ಸ್ವಿಚ್ಚಿಗೆ ಹೋದ, ಸ್ವಿಚ್ಚಿನಿಂದ ಫ್ಯೂಸಿಗೆ ಬಂದ. ಇನ್ನು ಹೇಳಲು ಲಿಫ್ಟಿನಲ್ಲಿ ಒಂದು ಭಾಗವೂ ಉಳಿದಿರಲಿಲ್ಲ.

ಅಧ್ಯಕ್ಷರು ತಮ್ಮ ಸ್ವಂತ ಗಡಿಯಾರ ನೋಡಿಕೊಂಡು ಗಾಬರಿಬಿದ್ದು ಚಪ್ಪಾಳೆ ಶುರುಮಾಡಿದರು. ಉಳಿದವರೂ ಕೈಜೋಡಿಸಿದರು. ಗಂಟೆಯೂ ಮೊಳಗಿತು. ಅವನು ಅಂಗಲಾಚುವವನಂತೆ ಕೈ ಎತ್ತಿ ಏನೋ ಹೇಳಿದ, ಅದು ಅವನಿಗೇ ಕೇಳಿಸಲಿಲ್ಲ. ಚಪ್ಪಾಳೆ ಹೊಡೆಯದಿದ್ದದ್ದು ಹೆಂಡತಿಯೊಬ್ಬಳೇ. ಆಕೆ ತಲೆ ತಗ್ಗಿಸಿ ಮಡಿಲಿನ ಕಾಗದದ ಮೇಲೆ ಏನೋ ಬರೆಯುತ್ತಿದ್ದಳು. ಎಷ್ಟಾದರೂ ಅಚ್ಚುಕಟ್ಟಿನ ಹೆಂಗಸು, ಈ ಗಲಾಟೆಯಲ್ಲೂ ಸಮಯ ಗುರುತು ಹಾಕಿಕೊಳ್ಳುತ್ತಿದ್ದಾಳೆ ಎಂದು ಅವನಿಗೆ ಆ ಸಂಕಟದಲ್ಲೂ ಸ್ವಲ್ಪ ಹೆಮ್ಮೆಯಾಯಿತು.

ಆಮೇಲೆ ವಿಮರ್ಶೆ. ಅದನ್ನು ಮಾಡುವವರು ಹಲ್ಲಿನ ಡಾಕ್ಟರು. ಮೊದಲು ಹೊಗಳಿ ಮರಗಟ್ಟಿಸಿ ಆಮೇಲೆ ಕೀಳುವುದು ಅವರ ವಿಧಾನ. ಧ್ವನಿ ಚೆನ್ನಾಗಿದೆ, ನಾಯಿಯ ಕತೆ ಮನಸ್ಸಿಗೆ ತಟ್ಟಿತು ಎಂದು ಹೊಗಳಿ, "ಆದ್ರೆ ಇವರು ಯಾರಿಗೋ ಏನೋ ಹೇಳೋಕೆ ಹೊರಟ ಹಾಗಿತ್ತು. ಕೊನೇಲಿ ನಮಗೆ ಸಿಕ್ಕಿದ್ದು ಬರೀ ಎಣ್ಣೆ" ಅಂದರು. ಟೈಲರಮ್ಮ ನಲವತ್ತೊಂದು 'ಅಂದ್ರೆ' ಎಂದು ವರದಿ ಒಪ್ಪಿಸಿದರು. ಕೊನೆಗೆ ಹೆಂಡತಿ ಎದ್ದು ತನ್ನ ಹಾಳೆ ಓದಿದಳು.

"ಮೂರನೆಯವರು ಒಂಬತ್ತು ನಿಮಿಷ ಇಪ್ಪತ್ತು ಸೆಕೆಂಡು. ಕೆಂಪು ಕಾರ್ಡು ಎತ್ತಲಿಲ್ಲ. ತಪ್ಪು ನನ್ನದು."

ಮನೆಗೆ ಹತ್ತು ನಿಮಿಷದ ನಡಿಗೆ. ಅಂಗಡಿಗಳಲ್ಲಿ ಇನ್ನೂ ದೀಪ ಉರಿಯುತ್ತಿತ್ತು. ಅವನಿಗೆ ಒಳಗೊಳಗೇ ಸಿಟ್ಟು ಕುದಿಯುತ್ತಿತ್ತು. ಜಗತ್ತಿನಲ್ಲಿ ಕೇಳಬಹುದಾದ ನೂರು ಪ್ರಶ್ನೆಗಳಿದ್ದವು, ಅವನು ಅವುಗಳಲ್ಲೆಲ್ಲ ದಡ್ಡ ಪ್ರಶ್ನೆಯನ್ನು ಆರಿಸಿ ಕೇಳಿದ.

"ಕಾರ್ಡು ಯಾಕೆ ಎತ್ತಲಿಲ್ಲ?"

"ನೀವು ಹೇಳೋದು ಮುಗೀಲಿ ಅಂತ ಕಾದೆ."

"ಎತ್ತಿದ್ರೆ ಹೇಳ್ತಿದ್ದೆ."

ಆಕೆ ನಿಂತು ಅವನ ಮುಖ ನೋಡಿದಳು. ನಗುವಳೇನೋ ಎಂದು ಅವನಿಗೆ ಅನಿಸಿತು. ನಗಲಿಲ್ಲ, ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿ ಮುಂದೆ ನಡೆದಳು. ಮನೆಗೆ ಬಂದು ಚಪ್ಪಲಿ ಬಿಟ್ಟು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬೀರುವಿನ ಮೇಲಿಂದ ಸೂಟ್‌ಕೇಸು ಎಳೆದ ಸದ್ದಾಯಿತು.

ಅವನು ಮುಚ್ಚಿದ ಬಾಗಿಲಿನ ಹೊರಗೆ ನಿಂತ. ಅಲ್ಲಿ ನಿಂತದ್ದೇ ಏನಾಯಿತೋ, ಬಾಯಿ ತಾನಾಗಿ ತೆರೆದುಕೊಂಡಿತು.

"ಹೋಗಬೇಡ" ಅಂದ. "ನೀನಿಲ್ಲದಿದ್ರೆ ಈ ಮನೇಲಿ ನನಗೆ ಕೂರೋಕೆ ಒಂದು ಜಾಗ ಇಲ್ಲ. ಹತ್ತೊಂಬತ್ತು ವರ್ಷ ನಾನು ಮಾತಾಡದೇ ಇದ್ದದ್ದು ಮಾತು ಇಲ್ಲ ಅಂತಲ್ಲ. ನಿನ್ನ ಮುಖ ನೋಡಿದ್ರೆ ಎಲ್ಲ ನಿನಗೆ ಗೊತ್ತಿದೆ ಅನ್ನಿಸ್ತಿತ್ತು. ಹೋಗಬೇಡ."

ಒಂದೂ 'ಅಂದ್ರೆ' ಇರಲಿಲ್ಲ. ಟೈಲರಮ್ಮ ಇದ್ದಿದ್ದರೆ ಗಂಟೆ ಕೆಳಗಿಟ್ಟು ಕಣ್ಣೊರೆಸಿಕೊಳ್ಳುತ್ತಿದ್ದರು. ಒಳಗೆ ಸೂಟ್‌ಕೇಸಿನ ಸದ್ದು ನಿಂತಿತು.

"ಫ್ರಿಜ್ಜಿನ ಮೇಲಿದ್ದ ಕಾಗದ ಚೀಲದಲ್ಲೇ ಇಟ್ಕೊಂಡು ಬಂದಿದ್ದೆ" ಎಂದು ಒಳಗಿನಿಂದ ಆಕೆಯ ದನಿ ಬಂತು. ಅಳು ಬೆರೆತಿತ್ತು. "ನೀವು ಹೇಳಿದ್ರೆ ಅಲ್ಲೇ ಹರಿದು ಹಾಕೋಣ ಅಂತ. ಎರಡು ನಿಮಿಷ ಇಪ್ಪತ್ತು ಸೆಕೆಂಡು ಜಾಸ್ತಿ ಕಾದೆ. ಅವರೆಲ್ಲ ಚಪ್ಪಾಳೆ ಹೊಡೆದ್ರಲ್ಲ, ಆಗ ಸಹಿ ಹಾಕಿದೆ. ಮನೆಗೆ ಹೊರಡೋ ಮೊದಲು ಫೋಟೋ ತೆಗೆದು ಕಳಿಸಿಯೂ ಆಯ್ತು."

ಅವನು ಬಾಗಿಲ ಹಿಡಿಯ ಮೇಲೆ ಕೈಯಿಟ್ಟ. ಎಂಥೆಂಥ ಬಾಗಿಲು ತೆರೆದವನಿಗೆ ಅದನ್ನು ತಿರುಗಿಸುವ ಧೈರ್ಯ ಬರಲಿಲ್ಲ. ಒಳಗಿನಿಂದ ಆಕೆ ಮೂಗೊರೆಸಿಕೊಂಡದ್ದು ಕೇಳಿಸಿತು. ಆಮೇಲೆ ವಾರ್ಡಿನಲ್ಲಿ ಮಾತಾಡುವ ಮೆತ್ತನೆಯ ದನಿಯಲ್ಲಿ ಹೇಳಿದಳು:

"ಗಾಬರಿ ಆಗಬೇಡಿ. ಎರಡೇ ವರ್ಷ."